ಗುಡುಗಮ್ಮನ ಗಾಲ್ಫ್ ಮರ್ಯಾದೆ

ನಮ್ಮ ಯಜಮಾನರು ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆಮೇಲೆ ನಡೆದ ಅಷ್ಟೂ ಅವಾಂತರಕ್ಕೆ ಹಾಸಿಗೆಯೇ ಮೂಲ.

ಹಾಸಿಗೆ ಕೊಳ್ಳಲು ಬಂದವರನ್ನು ಇವರು ಮೊದಲು ಅದರ ಮೇಲೆ ಮಲಗಿಸುತ್ತಾರೆ. ಮೆಲುದನಿಯಲ್ಲಿ ಸ್ಪ್ರಿಂಗು, ಹತ್ತಿ, ಸ್ಪಂಜು ಎಂದು ಏನೇನೋ ಹೇಳುತ್ತಾರೆ. ಗಿರಾಕಿಯ ರೆಪ್ಪೆ ಭಾರವಾದ ಕೂಡಲೇ ಬಲಗೈ ಮೇಲೆತ್ತುತ್ತಾರೆ. ಆಗ ಅಂಗಡಿಯಲ್ಲಿ ಯಾರೂ ಅಲುಗಾಡಕೂಡದು, ಕೆಮ್ಮಕೂಡದು, ಚಿಲ್ಲರೆ ಎಣಿಸಕೂಡದು. ಗಿರಾಕಿ ಗೊರಕೆ ಹೊಡೆದರೆ ಹಾಸಿಗೆ ಮಾರಾಟವಾಯಿತೆಂದೇ ಲೆಕ್ಕ. ವರ್ಷಾನುಗಟ್ಟಲೆ ಇದೇ ಮಾಡಿ ಮಾಡಿ ಇವರ ದನಿ ಎಷ್ಟು ಇಳಿದುಹೋಗಿದೆಯೆಂದರೆ, ಊಟಕ್ಕೆ ಕೂತು ಉಪ್ಪು ಕೇಳಿದರೂ ನನಗೆ ಆಕಳಿಕೆ ಬರುತ್ತದೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದವಳು ನಮ್ಮ ಮಗಳು. ಶಾಲೆಯ ಹಾಜರಿಯಲ್ಲಿ ಅವಳಿಗೆ ಒಳ್ಳೆಯದೊಂದು ಹೆಸರಿದೆ. ಬೀದಿಯವರು ಮಾತ್ರ ಅವಳನ್ನು ಕರೆಯುವುದು ಗುಡುಗಮ್ಮ ಎಂದು. ವಯಸ್ಸು ಐದು. ಅವಳು ‘ಅಮ್ಮಾ’ ಎಂದು ಕೂಗಿದರೆ ಬೀದಿಯ ಅಷ್ಟೂ ಅಮ್ಮಂದಿರು ಕಿಟಕಿಗೆ ಬರುತ್ತಾರೆ. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಮಧ್ಯಾಹ್ನದ ನಿದ್ದೆ ಕೆಟ್ಟಾಗಲೆಲ್ಲ ಅವರು ಮಹಡಿಯಿಂದ ಬಗ್ಗಿ, “ಏನಮ್ಮಾ, ನಿಮ್ಮ ಮಗು ಗಂಟಲಿಗೆ ಮುಚ್ಚಳ ಇಲ್ವಾ?” ಎಂದು ಕೇಳುತ್ತಾರೆ. ನನಗೆ ನಾಚಿಕೆಯಾಗುತ್ತಿತ್ತು. ನಾಲ್ಕು ಜನ ಸೇರುವ ಕಡೆಗೆ ಅವಳನ್ನು ಕರೆದೊಯ್ಯಲು ಹಿಂಜರಿಯುತ್ತಿದ್ದೆ. ನಮ್ಮ ಅತ್ತೆಗೆ ಮಾತ್ರ ಅದೆಲ್ಲ ಇಲ್ಲ. “ಅವಳಪ್ಪ ಉಳಿಸಿಟ್ಟ ದನೀನೆಲ್ಲ ಎತ್ಕೊಂಡು ಹುಟ್ಟಿದಾಳೆ ಬಿಡೇ” ಎಂದು ಮೊಮ್ಮಗಳ ತಲೆ ಸವರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹೆತ್ತವರನ್ನು ಹೆತ್ತವರಿಗೆ ಇನ್ನೂ ಮುದ್ದು.

ಆ ದಿನ ನಾನು ಹೊಲಿದ ದಿಂಬಿನ ಕವರುಗಳನ್ನು ಕೊಡಲು ಅಂಗಡಿಗೆ ಹೋಗಿದ್ದೆ. ಒಳಗೆ ಎಲ್ಲಕ್ಕಿಂತ ದಪ್ಪನೆಯ ಹಾಸಿಗೆಯ ಮೇಲೆ ಎಲ್ಲಕ್ಕಿಂತ ದಪ್ಪನೆಯ ಗಿರಾಕಿಯೊಬ್ಬರು ಅಂಗಾತ ಮಲಗಿದ್ದರು. ಅವರು ಗಾಲ್ಫ್ ಪ್ರಾಕ್ಟೀಸ್ ಮೈದಾನದ ಕಾರ್ಯದರ್ಶಿಗಳು. ಆ ಮೈದಾನ ನಮಗೂ ಗೊತ್ತು. ಶಾಲೆಗೆ ಹೋಗುವ ಬಸ್ಸು ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಎತ್ತರದ ಬಲೆಯ ಆಚೆ ಬಿಳಿ ಚೆಂಡುಗಳು ಹಾರುವುದು ಕಂಡರೆ ನಮ್ಮ ಮಗಳು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು, “ಅಪ್ಪಾ, ನಾನೂ ಒಂದು ಹೊಡೀಲಾ? ಒಂದೇ ಒಂದು!” ಎಂದು ಕೂಗುತ್ತಾಳೆ. ಡ್ರೈವರು ಬೆಚ್ಚಿ ಬ್ರೇಕು ಒತ್ತಿದ್ದೂ ಉಂಟು.

“ಸೊಂಟ ಹಿಡ್ಕೊಂಡಿದೆ ಕಣ್ರೀ,” ಎನ್ನುತ್ತಿದ್ದರು ಕಾರ್ಯದರ್ಶಿಗಳು. “ಎಲ್ಲಾ ಈ ಮಕ್ಕಳಿಂದ, ಅವರ ಹಿಂದೆ ಓಡಿ ಓಡಿ. ಈಗೀಗ ಅಪ್ಪ ಅಮ್ಮ ಎಲ್ರೂ ಮಕ್ಕಳನ್ನ ಮೈದಾನಕ್ಕೆ ಕಟ್ಕೊಂಡು ಬರ್ತಾರೆ. ಗಾಲ್ಫ್ ಅಂದ್ರೆ ಮರ್ಯಾದೆಯ ಆಟ. ಈ ಮಕ್ಕಳಿಗೆ ಮರ್ಯಾದೆ ಅನ್ನೋದೇ ಗೊತ್ತಿಲ್ಲ. ಭಾನುವಾರ ಕಮಿಟಿ ಸೇರುತ್ತೆ. ಮಕ್ಕಳಿಗೆ ಪ್ರವೇಶವಿಲ್ಲ ಅಂತ ಬೋರ್ಡು ಬರೆಸಿ ಕಾರಲ್ಲೇ ಇಟ್ಕೊಂಡು ಓಡಾಡ್ತಿದೀನಿ. ಮರ್ಯಾದೆ ಗೊತ್ತಿರೋ ಒಂದು ಮಗು ತೋರಿಸಿ ನೋಡೋಣ, ಒಂದೇ ಒಂದು!”

“ನಮ್ಮ ಮಗಳಿದ್ದಾಳಲ್ಲ ಸಾರ್,” ಎಂದರು ಇವರು.

ನನ್ನ ಕೈಯಿಂದ ದಿಂಬಿನ ಕವರುಗಳು ಜಾರಿದವು.

“ಗಾಲ್ಫ್ ಮರ್ಯಾದೆ ಗೊತ್ತಾ ಅವಳಿಗೆ?”

“ಅರೆದು ಕುಡಿದಿದ್ದಾಳೆ ಸಾರ್.”

ನೋಡಿ, ನಮ್ಮ ಮನೆಯಲ್ಲಿ ಗಾಲ್ಫಿನ ವಾಸನೆ ಕಂಡವರು ಯಾರೂ ಇಲ್ಲ. ಒಮ್ಮೆ ಮಗಳು ಸೌಟಿನಿಂದ ಈರುಳ್ಳಿ ಹೊಡೆದು ಗಡಿಯಾರದ ಗಾಜು ಒಡೆದಿದ್ದಳು. ನಮ್ಮ ವಂಶದ ಗಾಲ್ಫ್ ಚರಿತ್ರೆ ಅಲ್ಲಿಗೆ ಶುರುವಾಗಿ ಅಲ್ಲಿಗೇ ಮುಗಿದಿತ್ತು.

“ಹಾಗಾದ್ರೆ ಭಾನುವಾರ ಕರ್ಕೊಂಡು ಬನ್ನಿ,” ಎಂದರು ಕಾರ್ಯದರ್ಶಿಗಳು, ಮಾತು ಆಗಲೇ ಎಳೆಯುತ್ತಿತ್ತು. “ಕಮಿಟಿ ಎದುರಿಗೆ ಒಂದು ಗಂಟೆ ಇರ್ಲಿ. ಸರಿಯಾಗಿ ನಡ್ಕೊಂಡ್ರೆ ಊರಿನ ಎಲ್ಲಾ ಮಕ್ಕಳಿಗೂ ಬಾಗಿಲು ತೆರೆದಿರುತ್ತೆ, ನಿಮ್ಮ ಮಗಳು ನಮ್ಮ ಮೈದಾನದಲ್ಲಿ ಒಂದು ಚೆಂಡು ಹೊಡೀಲಿ. ಇಲ್ದಿದ್ರೆ ಅವತ್ತೇ ಬೋರ್ಡು ಹೊಡೀತೀನಿ. ಮೊದಲನೇ ನಿಯಮ ಗೊತ್ತಲ್ಲ? ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಅಂದ್ರೆ… ಯಾರೇ ಕೋಲು ಎತ್ತಿದಾಗ… ಮಕ್ಕಳು ಮೊದಲು ಏನು ಮಾಡ್ಬೇಕು ಅಂದ್ರೆ…”

ಇವರು ಅಭ್ಯಾಸಬಲದಿಂದ ಬಲಗೈ ಎತ್ತಿದರು. ಅಂಗಡಿ ಸ್ತಬ್ಧವಾಯಿತು. ಕಾರ್ಯದರ್ಶಿಗಳು ಗೊರ್ ಎಂದರು.

“ಎಬ್ಬಿಸಿ ಕೇಳ್ರೀ!” ಎಂದು ನಾನು ಇವರ ಅಂಗಿ ಜಗ್ಗಿದೆ.

“ಗಿರಾಕಿನ ಎಬ್ಬಿಸೋದಾ?” ಎಂದರು ಇವರು. ಕೊಲೆ ಮಾಡಲು ಹೇಳಿದ್ದೆನೇನೋ ಎಂಬಂತಿತ್ತು ಮುಖ.

ಕಾರ್ಯದರ್ಶಿಗಳು ಎದ್ದವರೇ ಸೊಂಟ ನೀವಿಕೊಂಡು, ಸಂತೋಷದಿಂದ ಹಾಸಿಗೆಗೆ ಆರ್ಡರು ಕೊಟ್ಟು ಹೊರಟುಹೋದರು. ಆಗ ಕೇಳುವ ಹಾಗಿರಲಿಲ್ಲ. ಅರೆದು ಕುಡಿದವಳ ಅಪ್ಪ ಮೊದಲನೇ ನಿಯಮ ಯಾವುದು ಎಂದು ಕೇಳಿದರೆ ಮಾನ ಉಳಿಯುತ್ತದೆಯೇ?

ಮನೆಗೆ ಬರುವಷ್ಟರಲ್ಲಿ ಇವರು ಆ ಅರ್ಧ ವಾಕ್ಯವನ್ನು ತಾವೇ ಪೂರ್ತಿ ಮಾಡಿಕೊಂಡಿದ್ದರು. ಎದುರಿನ ಟಿವಿ ಅಂಗಡಿಯಲ್ಲಿ ಒಮ್ಮೆ ಗಾಲ್ಫ್ ನೋಡಿದ್ದರಂತೆ. ಆಟಗಾರ ಹೊಡೆಯುವ ಮುಂಚೆ ಯಾರೋ ಒಬ್ಬ ಕೈ ಎತ್ತಿದನಂತೆ, ಅಷ್ಟೊಂದು ಜನ ಪಿಟಿಕ್ಕೆನ್ನದೆ ನಿಂತರಂತೆ.

“ನೋಡಿದ್ಯಾ? ನಮ್ಮ ಹಾಸಿಗೆ ಅಂಗಡಿ ಹಾಗೇನೇ! ಕೋಲು ಎತ್ತಿದಾಗ ಸದ್ದು ಮಾಡಬಾರ್ದು, ಅಲುಗಾಡಬಾರ್ದು. ಅದೇ ಮೊದಲನೇ ನಿಯಮ. ಬೇರೆ ಇನ್ನೇನಿರುತ್ತೆ? ಇದನ್ನ ಕಲಿಸೋಕೆ ನನಗಿಂತ ಬೇಕಾ?”

“ಸದ್ದು ಮಾಡದೇ ಇರೋದನ್ನ ನಮ್ಮ ಮಗಳಿಗೆ?” ಎಂದೆ.

“ಕಲ್ಲಿನಲ್ಲೂ ನೀರು ತೆಗೀಬಹುದು ಕಣೇ.”

“ನೀರಲ್ಲಿ ಕಲ್ಲು ಮಾಡೋಕೆ ಹೊರಟಿದೀರಲ್ಲ, ಅದಕ್ಕೇ ಹೇಳಿದ್ದು.”

ಅತ್ತೆ ನಡುವೆ ಬಾಯಿ ಹಾಕಿ, “ಸುಮ್ನಿರೇ, ಮಗು ಒಂದು ಚೆಂಡು ಹೊಡೀಲಿ. ಎಷ್ಟು ದಿನದಿಂದ ಆಸೆ ಪಡ್ತಿದೆ,” ಎಂದರು. ಅಲ್ಲಿಗೆ ತೀರ್ಪಾಯಿತು.

ಪಾಠ ಅಂದೇ ಶುರುವಾಯಿತು. ಇವರು ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿ, “ಅಪ್ಪ ಕೈ ಎತ್ತಿದ್ರೆ ನೀನು ಕಲ್ಲು. ಅಲ್ಲಾಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಕೈ ಇಳಿಸಿದ ಮೇಲೆ ಮಾಮೂಲಿ,” ಎಂದರು.

ಮಗಳು ಯೋಚಿಸಿದಳು. “ನಾನು ಕೈ ಎತ್ತಿದ್ರೆ?”

ಇಲ್ಲಿ ಇವರು ಒಂದು ಗಳಿಗೆ ತಡೆದು ಉತ್ತರ ಕೊಟ್ಟಿದ್ದರೆ ನಮ್ಮ ಬೀದಿ ನೆಮ್ಮದಿಯಾಗಿರುತ್ತಿತ್ತು. ಆದರೆ ಇವರು ನ್ಯಾಯವಂತರು. “ನೀನು ಎತ್ತಿದ್ರೆ ನಾನೂ ಕಲ್ಲು. ಮರ್ಯಾದೆ ಎಲ್ರಿಗೂ ಒಂದೇ,” ಎಂದುಬಿಟ್ಟರು.

ಮಗಳು ತಕ್ಷಣ ಕೈ ಎತ್ತಿದಳು. ಇವರು ಕಲ್ಲಾದರು. ಅತ್ತೆ ಮೊಮ್ಮಗಳ ಮೇಲಿನ ಪ್ರೀತಿಗೆ ತಾವೂ ಕಲ್ಲಾದರು, ಒಲೆಯ ಮುಂದೆ, ಹಾಲಿನ ಪಾತ್ರೆಗೆ ಕೈ ಚಾಚಿದ ಹಾಗೇ. ಹಾಲು ಮಾತ್ರ ಕಲ್ಲಾಗಲಿಲ್ಲ. ಅದು ಉಕ್ಕಿ, ಒಲೆಯ ತುಂಬ ಹರಿದು, ನೆಲಕ್ಕಿಳಿಯಿತು. “ಕೈ ಇಳ್ಸೇ!” ಎಂದು ನಾನು ಅರಚಿದರೆ ಅವಳು ಗಂಭೀರವಾಗಿ, “ಅಮ್ಮಾ, ಕಲ್ಲು ಮಾತಾಡಲ್ಲ,” ಎಂದಳು.

ಅವಳು ಗಿಡ್ಡ. ಎತ್ತಿದ ಕೈ ಎಲ್ಲರಿಗೂ ಕಾಣುವುದಿಲ್ಲ. ಅದಕ್ಕೆ ಅವಳೇ ಒಂದು ಸುಧಾರಣೆ ಮಾಡಿಕೊಂಡಳು. ಕೈ ಕಾಣದವರಿಗೆ ‘ಕಲ್ಲು!’ ಎಂದು ಕೂಗಿ ಹೇಳುವುದು. ಸದ್ದು ಮಾಡಬಾರದೆಂಬ ಪಾಠ ಬೀದಿಯ ಕೊನೆಯ ಮನೆಗೂ ಕೇಳಿಸತೊಡಗಿದ್ದು ಹೀಗೆ.

ಎರಡು ದಿನದಲ್ಲಿ ಬೀದಿಯ ಮಕ್ಕಳೆಲ್ಲ ಕಲ್ಲಾಗುವುದನ್ನು ಕಲಿತರು. ಆಮೇಲೆ ದೊಡ್ಡವರು. ಪಕ್ಕದ ಮನೆಯ ಬಡಗಿ ಸುತ್ತಿಗೆ ಎತ್ತಿದಾಗಲೆಲ್ಲ ಇವಳಿಗೆ ಅದು ಗಾಲ್ಫ್ ಕೋಲಿನ ಹಾಗೆ ಕಂಡು, ‘ಕಲ್ಲು!’ ಎನ್ನುತ್ತಿದ್ದಳು. ಸಂಜೆ ಅವನು ನಮ್ಮ ಬಾಗಿಲಿಗೆ ಬಂದ.

“ಅಕ್ಕಾ, ಬೆಳಿಗ್ಗೆಯಿಂದ ಒಂದು ಮೊಳೆ ಹೊಡೆಯೋಕಾಗಿಲ್ಲ. ಸುತ್ತಿಗೆ ಗಾಳೀಲೇ ಇದೆ.”

“ನೀನ್ಯಾಕಪ್ಪಾ ನಿಲ್ತೀಯಾ? ಹೊಡ್ಕೊಂಡು ಹೋಗು.”

“ಹ್ಯಾಗಕ್ಕಾ? ಅವಳು ಹಾಗೆ ಕೂಗಿದ್ರೆ ಕೈ ತಾನಾಗೇ ನಿಂತ್ಹೋಗುತ್ತೆ.”

ಮೇಷ್ಟ್ರ ಕಥೆ ಇನ್ನೂ ದಾರುಣ. ಮೆಟ್ಟಿಲಿಳಿಯುತ್ತಿದ್ದವರು ಒಂದು ಕಾಲು ಗಾಳಿಯಲ್ಲಿರುವಾಗ ಕಲ್ಲಾಗಬೇಕಾಯಿತು. ಅಷ್ಟರಲ್ಲಿ ಮಗಳನ್ನು ಯಾರೋ ಆಟಕ್ಕೆ ಕರೆದರು. ಕೈ ಇಳಿಸಿ ‘ಮಾಮೂಲಿ’ ಎಂದು ಹೇಳಲು ಮರೆತು ಓಡಿಹೋದಳು. ನಾನು ಬಟ್ಟೆ ಒಣಗಿಸಲು ಹೋದಾಗ ಅವರು ಕೊಕ್ಕರೆಯ ಹಾಗೆ ನಿಂತಿದ್ದರು. “ಏನ್ ಮೇಷ್ಟ್ರೇ ಇದು?” ಎಂದರೆ, ಹಲ್ಲು ಕಚ್ಚಿಕೊಂಡೇ, “ಶಿಸ್ತಮ್ಮಾ, ಶಿಸ್ತು. ನಲವತ್ತು ವರ್ಷ ಮಕ್ಕಳಿಗೆ ಹೇಳಿದೀನಿ. ಈಗ ನಾನೇ ಮುರಿಯೋಕಾಗುತ್ತಾ? ಬೇಗ ಕರೀರಿ ಅವಳನ್ನ,” ಎಂದರು.

ಶಾಲೆಯಿಂದಲೂ ಬುಲಾವು ಬಂತು. ಹೆಡ್ ಮಿಸ್ಸು ಇವರನ್ನು ಎದುರಿಗೆ ಕೂರಿಸಿಕೊಂಡು, “ಟೀಚರ್ ಹತ್ತು ಸಲ ಹೇಳಿದ್ರೂ ಸುಮ್ನಾಗದ ಮಕ್ಕಳು ನಿಮ್ಮ ಮಗಳ ಕೈಗೆ ಸುಮ್ನಾಗ್ತಾರೆ. ಅದು ಸಂತೋಷ. ಆದ್ರೆ ನಿನ್ನೆ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಾಗ ನಾನೂ ಸುಮ್ನಾಗಿಬಿಟ್ಟೆ. ಅವರು ಮೂರು ಸಲ ನಮಸ್ಕಾರ ಹೇಳಿದ್ರು,” ಎಂದರು.

ಬೇರೆ ಅಪ್ಪನಾಗಿದ್ದರೆ ತಲೆ ತಗ್ಗಿಸುತ್ತಿದ್ದ. ಇವರು ದೂರು ಕೇಳಿದಷ್ಟೂ ಉಬ್ಬಿದರು. “ಬಡಗಿ ಬಂದಿದ್ನಂತೆ, ಹೌದಾ? ಮೇಷ್ಟ್ರೂನಾ? ಹೆಡ್ ಮಿಸ್ಸೂ ಕಲ್ಲಾದ್ರು ಕಣೇ!” ಎಂದು ಪಿಸುಗುಟ್ಟುತ್ತಾ ಮನೆ ತುಂಬ ಓಡಾಡಿದರು. ನಾನು ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಸೋತರೆ ಬೋರ್ಡು ಬೀಳುತ್ತದೆ. ಊರಿನ ಅಪ್ಪ ಅಮ್ಮಂದಿರೆಲ್ಲ ‘ಆ ಗುಡುಗಿನಿಂದ ನಮ್ಮ ಮಕ್ಕಳಿಗೂ ಬಾಗಿಲು ಮುಚ್ಚಿತು’ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಳ್ಳುವವಳಿಗೆ ಇನ್ನು ಮೇಲೆ ನಾನು ಏನು ಹೇಳಲಿ?

ಆದರೆ ಬೀದಿಯವರು ದೂರು ಹೇಳುತ್ತಾ ಹೇಳುತ್ತಲೇ ನಮ್ಮ ಕಡೆಗೆ ವಾಲಿದ್ದರು. ಬೈದರೂ ನಮ್ಮವಳು, ಹೊಗಳಿದರೂ ನಮ್ಮವಳು. ಬಡಗಿ ಅವಳ ಅಳತೆಗೆ ಮರದ ಪುಟ್ಟ ಕೋಲೊಂದು ಮಾಡಿ, ಉಜ್ಜಿ ನುಣುಪು ಮಾಡಿ ತಂದುಕೊಟ್ಟ. ಮೇಷ್ಟ್ರು ತಮ್ಮ ಬಿಸಿಲಿನ ಟೋಪಿ ಕೊಟ್ಟರು. ಅದು ಅವಳ ಕಣ್ಣು ಮೂಗು ಎಲ್ಲ ಮುಚ್ಚಿ ಗಲ್ಲದ ಮೇಲೆ ನಿಂತಿತು. “ಬೆಳೀತಾಳೆ, ಇರ್ಲಿ,” ಎಂದರು ಮೇಷ್ಟ್ರು.

ಭಾನುವಾರ ನಾವು ನಾಲ್ವರೂ ಹೊರಟೆವು. ಅತ್ತೆ ಫ್ಲಾಸ್ಕಿನ ತುಂಬ ಚಹಾ ತಂದಿದ್ದರು. ಬಡಗಿ ಮತ್ತು ಮೇಷ್ಟ್ರು ‘ಸುಮ್ನೆ ಈ ಕಡೆ ಕೆಲಸ ಇತ್ತು’ ಎನ್ನುತ್ತಾ ಹಿಂದೆಯೇ ಬಂದು ಬಲೆಯ ಹೊರಗೆ ನಿಂತರು. ಗೇಟಿನ ಕಾವಲುಗಾರ ಮಗಳನ್ನು ನೋಡಿ, “ಮಗುದೇನು ಕೆಲಸ?” ಎಂದ.

“ಪರೀಕ್ಷೆ,” ಎಂದರು ಅತ್ತೆ.

“ಯಾವ ಪರೀಕ್ಷೆ?”

“ನಿನಗೆ ಬಂದಿದ್ರೆ ನೀನು ಗೇಟಲ್ಲಿ ಯಾಕೆ ನಿಲ್ತಿದ್ದೆ? ಬಿಡಪ್ಪಾ ದಾರಿ.”

ಒಳಗೆ ಉದ್ದನೆಯ ತಗಡಿನ ಚಪ್ಪರ. ಅದರ ಕೆಳಗೆ ಸಾಲಾಗಿ ಹಸಿರು ಚಾಪೆಗಳು, ಒಂದೊಂದು ಚಾಪೆಯ ಪಕ್ಕಕ್ಕೂ ಒಂದೊಂದು ಬಕೆಟ್ಟು ಚೆಂಡು. ಚಾಪೆಗಳ ಹಿಂದೆ ನೆಲದ ಮೇಲೆ ದಪ್ಪನೆಯ ಹಳದಿ ಗೆರೆ, ಗೆರೆಯ ಹಿಂದೆ ಬೆಂಚುಗಳು. ಚಾಪೆಯ ಮೇಲೆ ನಿಂತವರು ಕೋಲು ಬೀಸಿ ಹೊಡೆದರೆ ಚೆಂಡು ಆಕಾಶಕ್ಕೆ. ಇದೆಲ್ಲ ಸರಿ. ಆದರೆ ಸದ್ದು! ಠಣ್ ಠಣ್ ಎಂದು ಹೊಡೆತ, ಚೆಂಡು ಸುರಿಯುವ ಯಂತ್ರದ ಗಡಗಡ, ಯಾರದೋ ರೇಡಿಯೋ, ಇನ್ಯಾರದೋ ಫೋನು, ಹೊಡೆದವರ ಹೋ, ತಪ್ಪಿದವರ ಥೂ. ಸಂತೆಯೇ ವಾಸಿ.

ಇವರು ಕಕ್ಕಾಬಿಕ್ಕಿಯಾದರು. “ಅಯ್ಯೋ, ಇಲ್ಲಿ ಯಾರಿಗೂ ಮರ್ಯಾದೆನೇ ಇಲ್ವಲ್ಲೇ!” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಆಮೇಲೆ ಧೈರ್ಯ ತಂದುಕೊಂಡು, “ಒಳ್ಳೇದೇ ಆಯ್ತು. ನಮ್ಮವಳು ಎದ್ದು ಕಾಣ್ತಾಳೆ,” ಎಂದರು.

ಮಗಳ ಟೋಪಿಯನ್ನು ಹಣೆಯ ಮೇಲಕ್ಕೆ ಸರಿಸಿ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಕೈ ಎತ್ತಿದರು. ಅವಳು ಕಲ್ಲಾದಳು.

ಎದುರಿಗೆ ಕಾರ್ಯದರ್ಶಿಗಳು, ಅವರ ಪಕ್ಕದಲ್ಲಿ ಕಮಿಟಿಯ ಇನ್ನೊಬ್ಬರು, ಹಲ್ಲಿನ ಡಾಕ್ಟರಮ್ಮ. ಕಾರ್ಯದರ್ಶಿಗಳ ಹೆಂಡತಿಯೂ ತಮಾಷೆ ನೋಡಲು ಬಂದಿದ್ದರು. ಅವರ ಸೊಂಟದ ಮೇಲೆ, ಈಗಷ್ಟೇ ಹೆಜ್ಜೆ ಇಡಲು ಕಲಿತ ಮೊಮ್ಮಗಳು. ಅವಳು ಪರೀಕ್ಷೆಗೆ ಬಂದವಳಲ್ಲ, ಮನೆಯವಳು. ಹಾಗಾಗಿ ಮಕ್ಕಳ ಲೆಕ್ಕಕ್ಕೆ ಅವಳನ್ನು ಯಾರೂ ಸೇರಿಸಿರಲಿಲ್ಲ.

ಎಲ್ಲರೂ ನಮ್ಮ ಮಗಳನ್ನು ನೋಡುತ್ತಾ ಕೂತರು. ಅವಳು ರೆಪ್ಪೆ ಬಡಿದಿದ್ದನ್ನೂ ನಾನು ಕಾಣೆ. ಕಷ್ಟವಾದದ್ದು ಇವರಿಗೆ. ಕೈ ಇಳಿಸಿದರೆ ಮಗಳು ‘ಮಾಮೂಲಿ’ ಆಗಿಬಿಡುತ್ತಾಳೆ. ಅದಕ್ಕೆ ಎತ್ತಿದ ಕೈ ಎತ್ತಿದ ಹಾಗೇ ನಿಂತರು. ಕಾವಲುಗಾರ ಹತ್ತಿರ ಬಂದು ಮೆಲ್ಲಗೆ, “ಟಾಯ್ಲೆಟ್ ಆ ಕಡೆ ಸಾರ್, ಕೇಳೋದಕ್ಕೆ ಕೈ ಎತ್ತಬೇಕಾಗಿಲ್ಲ,” ಎಂದ. ಬಲಗೈ ಸೋತಾಗ ಎಡಗೈಗೆ ಬದಲಾಯಿಸಬೇಕಾಯಿತು. ಆ ಸಂಧಿಕಾಲದಲ್ಲಿ ಅತ್ತೆ ತಮ್ಮ ಕೈ ಎತ್ತಿ ಹಿಡಿದುಕೊಂಡು ಮರ್ಯಾದೆ ಕಾಪಾಡಿದರು.

ಡಾಕ್ಟರಮ್ಮ ಬಗ್ಗಿ ಮಗಳ ಮುಖ ನೋಡಿ, “ಮಗು ಹುಷಾರಾಗಿದೆ ತಾನೇ? ನನ್ನ ಕುರ್ಚಿ ಮೇಲೆ ಹಲ್ಲು ಕೀಳಿಸ್ಕೊಳ್ಳೋ ಮಕ್ಕಳೂ ಇದಕ್ಕಿಂತ ಜಾಸ್ತಿ ನಗ್ತಾರೆ,” ಎಂದರು.

“ಮರ್ಯಾದೆ ಮೇಡಂ, ಮರ್ಯಾದೆ,” ಎಂದು ಇವರು ಪಿಸುಗುಟ್ಟಿದರು.

“ಇದು ಮರ್ಯಾದೆನೋ ಶಿಕ್ಷೆನೋ?” ಎಂದು ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. “ಆಗ್ಲಿ, ಗಂಟೆ ಮುಗೀತಾ ಬಂತು. ಅಷ್ಟರಲ್ಲಿ ನಾನೊಂದು ಚೆಂಡು ಹೊಡೀತೀನಿ. ನಿಮ್ಮ ಹಾಸಿಗೆ ಮೇಲೆ ಮಲಗಿ ಸೊಂಟ ಪರವಾಗಿಲ್ಲ ಕಣ್ರೀ.”

ಅವರು ಎದ್ದು ಚಾಪೆಗೆ ಹೋದರು. ನನಗೆ ಗೆಲುವು ಕಂಡಿತು. ಆದರೂ ನಿಜ ಹೇಳುತ್ತೇನೆ, ಸಂತೋಷವಾಗಲಿಲ್ಲ. ಇಷ್ಟು ವರ್ಷ ಯಾವ ಬಾಯಿಗೆ ನಾನು ಬೈದಿದ್ದೆನೋ ಆ ಬಾಯಿ ಹಾಗೆ ಹೊಲಿದಿಟ್ಟಂತೆ ಇದ್ದದ್ದು ನೋಡಿ ಕರುಳು ಚುರ್ ಎಂದಿತು.

ಇತ್ತ ಅತ್ತೆ ಫ್ಲಾಸ್ಕು ತೆಗೆದು, ಕಾರ್ಯದರ್ಶಿಗಳ ಹೆಂಡತಿಗೆ, “ತಗೊಳ್ಳಿ, ಬಿಸಿಯಾಗಿದೆ,” ಎಂದು ಲೋಟ ಚಾಚಿದರು. ಬಿಸಿ ಲೋಟ ಹಿಡಿಯಬೇಕಲ್ಲ, ಆಕೆ ಮೊಮ್ಮಗಳನ್ನು ಕೆಳಗಿಳಿಸಿದರು. ಇಬ್ಬರು ಅಜ್ಜಿಯರಿಗೆ ಮಾತು ಹತ್ತಿದರೆ ಲೋಕ ಬೇಕೇ? ಪುಟ್ಟದು ಬೆಂಚು ಹಿಡಿದು ನಿಂತಿತು, ಬೆಂಚು ಬಿಟ್ಟಿತು, ಹಳದಿ ಗೆರೆ ದಾಟಿತು. ಅಜ್ಜನ ಬಿಳೀ ಬೂಟು ಅದಕ್ಕೆ ಬಹಳ ಇಷ್ಟವಂತೆ. ಕೈಚಾಚಿಕೊಂಡು ತಪ್ಪುಹೆಜ್ಜೆ ಹಾಕುತ್ತಾ ಹೊರಟಿತು.

ಅಜ್ಜ ಅತ್ತ ತಿರುಗಿ ಕೋಲು ಎತ್ತಿಯಾಗಿತ್ತು.

ಮೊದಲು ಕಂಡದ್ದು ಇವರಿಗೆ. ಇವರು ಬಾಯಿ ತೆರೆದರು. “ಸಾರ್…” ಎಂದರು. ಆ ದನಿಗೆ ಎದುರಿದ್ದವನಿಗೆ ನಿದ್ದೆ ಬರಬಹುದಿತ್ತೇ ಹೊರತು ಎಚ್ಚರವಾಗುತ್ತಿರಲಿಲ್ಲ. “ಸಾರ್… ಮಗು…” ಗಂಟಲಿನ ನರ ಉಬ್ಬಿತು, ದನಿ ಏಳಲಿಲ್ಲ. ನನಗಂತೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಇವರ ಕೈ ಇನ್ನೂ ಮೇಲೇ ಇತ್ತು. ಕೈ ಮೇಲಿದ್ದರೆ ಮಗಳು ಕಲ್ಲು. ಅದು ನಿಯಮ.

ನಮ್ಮ ಮಗಳು ನಿಯಮ ಮುರಿದಳು.

“ಕಲ್ಲೂ!”

ಅಂಥ ಕೂಗನ್ನು ಅವಳ ಬಾಯಲ್ಲೂ ನಾನು ಕೇಳಿರಲಿಲ್ಲ. ತಗಡಿನ ಚಪ್ಪರ ಝಲ್ಲೆಂದಿತು. ಸಾಲಿಗೆ ಸಾಲೇ ನಿಂತುಹೋಯಿತು. ಕೋಲು ಎತ್ತಿದವರು ಎತ್ತಿದ ಹಾಗೆ, ಚೆಂಡಿಗೆ ಬಗ್ಗಿದವರು ಬಗ್ಗಿದ ಹಾಗೆ, ಕಾವಲುಗಾರ ಬೀಡಿಗೆ ಕಡ್ಡಿ ಗೀರಿದ ಹಾಗೆ. ಯಾರೋ ರೇಡಿಯೋ ಆರಿಸಿದರು. ಬಲೆಯ ಹೊರಗೆ ಬಡಗಿಯೂ ಮೇಷ್ಟ್ರೂ ಅಭ್ಯಾಸದಂತೆ ಕಲ್ಲಾಗಿದ್ದರು. ಕಾರ್ಯದರ್ಶಿಗಳ ಕೋಲು ಅವರ ಹೆಗಲಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಅದರ ಕೆಳಗೆ ಮೊಮ್ಮಗಳು ಧೊಪ್ಪನೆ ಕೂತು, ಅಜ್ಜನ ಬೂಟು ತಬ್ಬಿಕೊಂಡು ಕಿಲಕಿಲ ನಕ್ಕಿತು.

ನಮ್ಮ ಮಗಳು ಹಳದಿ ಗೆರೆಯ ಹತ್ತಿರ ನಿಂತಿದ್ದಳು. ದಾಟಿರಲಿಲ್ಲ. ಮೇಷ್ಟ್ರ ಟೋಪಿ ಹಿಂದಕ್ಕೆ ಬಿದ್ದಿತ್ತು, ಕೈ ಮೇಲಿತ್ತು.

“ಅಜ್ಜಾ, ಕಾಲ ಹತ್ರ ಪಾಪು ಇದೆ. ಕೋಲು ಮೆಲ್ಲಗೆ ಇಳಿಸಿ.”

ಕಾರ್ಯದರ್ಶಿಗಳು ಕಣ್ಣು ಮಾತ್ರ ಕೆಳಗೆ ಹೊರಳಿಸಿ ನೋಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಮೆಲ್ಲಗೆ ಕೋಲು ಇಳಿಸಿದರು. ಅಜ್ಜಿ ಲೋಟ ಬಿಸಾಕಿ ಓಡಿಬಂದು ಮಗುವನ್ನು ಬಾಚಿಕೊಂಡರು. ಮಗು ಅಜ್ಜಿಯ ತೋಳಿಗೆ ಸೇರಿದ್ದನ್ನು ನೋಡಿಕೊಂಡ ಮೇಲೆಯೇ ನಮ್ಮ ಮಗಳು ಕೈ ಇಳಿಸಿದ್ದು.

“ಈಗ ಮಾಮೂಲಿ,” ಎಂದಳು. ಅಷ್ಟು ಜನ ದೊಡ್ಡವರು ಒಟ್ಟಿಗೆ ಉಸಿರುಬಿಟ್ಟರು.

ಎಲ್ಲರಿಗಿಂತ ಮೊದಲು ಓಡಿದವರು ಇವರು. ಕಾರ್ಯದರ್ಶಿಗಳ ಮುಂದೆ ಕೈಮುಗಿದು, “ಕ್ಷಮಿಸಿ ಸಾರ್. ಯಾವತ್ತೂ ಕೂಗೋ ಮಗು ಅಲ್ಲ ಸಾರ್ ಅದು…” ಎಂದರು.

ಬಲೆಯ ಹೊರಗಿಂದ ಮೇಷ್ಟ್ರು ಜೋರಾಗಿ ಕೆಮ್ಮಿದರು.

“ಕೊನೇ ಗಳಿಗೇಲಿ ಮೊದಲನೇ ನಿಯಮ ಮುರಿದುಬಿಟ್ಟಳು ಸಾರ್. ಬೋರ್ಡು ಹೊಡೀಬೇಡಿ. ಬೇಕಾದ್ರೆ ನಮ್ಮೊಬ್ಬರನ್ನೇ ಹೊರಗಿಡಿ. ಬೇರೆ ಮಕ್ಕಳು ಬರ್ಲಿ.”

“ಯಾವುದ್ರೀ ಮೊದಲನೇ ನಿಯಮ?”

“ಅದೇ ಸಾರ್, ಸದ್ದು ಮಾಡಬಾರ್ದು…”

“ಯಾರ್ರೀ ಹೇಳಿದ್ದು ನಿಮಗೆ? ಅಂಗಡೀಲಿ ನಾನೇ ಬಿಡಿಸಿ ಹೇಳಿದ್ನಲ್ಲ!”

“ಅರ್ಧ ಹೇಳಿದ್ರಿ ಸಾರ್. ಆಮೇಲೆ ನಿದ್ದೆ ಹೋದ್ರಿ.”

ಕಾರ್ಯದರ್ಶಿಗಳು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಬೂಟಿನ ಮೇಲೆ ಮೊಮ್ಮಗಳ ಜೊಲ್ಲು ಇನ್ನೂ ಹೊಳೆಯುತ್ತಿತ್ತು. “ಯಾರೇ ಕೋಲು ಎತ್ತಿದಾಗ,” ಎಂದರು, “ಮಕ್ಕಳು ಮೊದಲು ಗೆರೆ ಹಿಂದೆ ನಿಲ್ಲಬೇಕು. ಗೆರೆ ದಾಟಿದೋರನ್ನ ಕಂಡ್ರೆ ಕಿರುಚಬೇಕು. ಗಂಟಲು ಹರಿದ್ರೂ ಸರಿ, ಕಿರುಚಬೇಕು. ಅದೇ ಕಣ್ರೀ ಮೊದಲನೇ ನಿಯಮ.”

ಇವರು ಮೊದಲು ಹಳದಿ ಗೆರೆ ನೋಡಿದರು, ಆಮೇಲೆ ಮಗಳನ್ನು ನೋಡಿದರು.

ಡಾಕ್ಟರಮ್ಮ ಸುಮ್ಮನಿರಲಾರದೆ, “ಇವತ್ತು ಗೆರೆ ದಾಟಿದ ಮಗು ಒಂದೇ. ಯಾರ ಮನೇದು ಕಾರ್ಯದರ್ಶಿಗಳೇ?” ಎಂದರು. ಕಾರ್ಯದರ್ಶಿಗಳು ಹೆಂಡತಿಯ ಕಡೆ ನೋಡಿದರು. ಹೆಂಡತಿ ಅತ್ತೆಯ ಕಡೆ ನೋಡಿದರು. ಅತ್ತೆ ಫ್ಲಾಸ್ಕಿನ ಕಡೆ ನೋಡಿದರು.

ಆ ಬೋರ್ಡು ಈಗಲೂ ಅಲ್ಲಿದೆ, ಬೇಕಾದರೆ ಹೋಗಿ ನೋಡಿ. ತಿರುಗಿಸಿ ಹೊಡೆದಿದ್ದಾರೆ. ಹಿಂದುಗಡೆ ಹೊಸದಾಗಿ ಬರೆಸಿರುವುದು ಇಷ್ಟೇ: ‘ಮಕ್ಕಳು ಗೆರೆಯ ಹಿಂದೆ. ಅಜ್ಜಿಯರ ಕಣ್ಣು ಮಕ್ಕಳ ಮೇಲೆ.’

ಕಾರ್ಯದರ್ಶಿಗಳು ತಮ್ಮ ಬಕೆಟ್ಟಿನಿಂದ ಎಲ್ಲಕ್ಕಿಂತ ಬೆಳ್ಳಗಿನ ಚೆಂಡು ಆರಿಸಿ ಚಾಪೆಯ ಮೇಲಿಟ್ಟರು. ಬಲೆಯ ಹೊರಗಿಂದ ಬಡಗಿ ಕೂಗುತ್ತಿದ್ದ ಹೆಸರನ್ನೇ ಹಿಡಿದು, “ಬಾರಮ್ಮಾ ಗುಡುಗಮ್ಮ,” ಎಂದು ಕರೆದರು. ಅವಳು ಬಡಗಿಯ ಕೋಲು ಹಿಡಿದು ಬಂದಳು. ಹೊಡೆಯುವ ಮುಂಚೆ ಒಮ್ಮೆ ಹಿಂದೆ ತಿರುಗಿ, ಗೆರೆ ದಾಟಿ ಯಾರೂ ಬಂದಿಲ್ಲವೆಂದು ನೋಡಿಕೊಂಡಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ನಾಲಿಗೆ ಹೊರಗೆ ಹಾಕಿ ಬೀಸಿದಳು. ಚೆಂಡು ಹೋದದ್ದು ನಮ್ಮ ಅಡುಗೆಮನೆಯಿಂದ ನಡುಮನೆಯಷ್ಟು ದೂರ. “ಹೋಯ್ತೂ! ಅಮ್ಮಾ, ಹೋಯ್ತೂ!” ಎಂದು ಅವಳು ಕೂಗಿದ್ದು ಅದಕ್ಕಿಂತ ಬಹಳ ದೂರ ಹೋಯಿತು. ಇಡೀ ಚಪ್ಪರ ಚಪ್ಪಾಳೆ ತಟ್ಟಿತು. ನಾನು ಅತ್ತೆಯ ಹೆಗಲ ಮೇಲೆ ಮುಖವಿಟ್ಟು ಗಳಗಳನೆ ಅತ್ತುಬಿಟ್ಟೆ. “ಬೈತಿದ್ಯಲ್ಲೇ ಮಗೂಗೆ,” ಎಂದರು ಅತ್ತೆ. ಅವರ ಕಣ್ಣೂ ಒದ್ದೆಯಾಗಿತ್ತು.

ಸಂಜೆ ನಾವು ಬೀದಿಯ ತಿರುವಿಗೆ ಬಂದಾಗ ಇವರು ಇದ್ದಕ್ಕಿದ್ದಂತೆ ನಿಂತರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡರು. ಎದೆ ತುಂಬ ಉಸಿರೆಳೆದರು. ಆಮೇಲೆ ನಮ್ಮ ಮದುವೆಯಾದಾಗಿನಿಂದ ನಾನು ಕೇಳದ ದನಿಯೊಂದು ಹೊರಬಂತು.

“ಕೇಳ್ರಪ್ಪೋ! ಎಲ್ರೂ ಕೇಳಿ! ನನ್ನ ಮಗಳು ಕೂಗಿದಳು! ಊರಿಗೇ ಕೇಳೋ ಹಾಗೆ ಕೂಗಿದಳು, ನನ್ನ ಮಗಳು!”

ಬೀದಿಯ ಅಷ್ಟೂ ಕಿಟಕಿಗಳು ತೆರೆದವು. ನಮಗಿಂತ ಮುಂಚೆ ಬಂದು ಮಹಡಿ ಹತ್ತಿದ್ದ ಮೇಷ್ಟ್ರು ಬಗ್ಗಿ ನೋಡಿ, “ಏನ್ರೀ, ನಿಮ್ಮ ಗಂಟಲಿಗೂ ಮುಚ್ಚಳ ಇಲ್ವಾ?” ಎಂದರು. ನಗು ತಡೆಯಲಾಗದೆ ಅವರ ಕನ್ನಡಕ ಕೆಳಗೆ ಬಿತ್ತು.

ಇವರು ಇನ್ನೊಮ್ಮೆ ಕೂಗಲು ಬಾಯಿ ತೆರೆದರು. ಹೆಗಲ ಮೇಲಿದ್ದ ಮಗಳು ಕೈ ಎತ್ತಿದಳು. ಇವರು ಅಲ್ಲೇ ಕಲ್ಲಾದರು, ಎದೆ ಉಬ್ಬಿದ ಹಾಗೆ, ಬಾಯಿ ತೆರೆದ ಹಾಗೆ, ಮುಖವೆಲ್ಲ ಬೆಳಗುತ್ತಿದ್ದ ಹಾಗೆ.

“ಅಮ್ಮಾ, ಕೈ ಇಳಿಸ್ಲಾ?” ಎಂದಳು ಮಗಳು, ಮೇಲಿನಿಂದ.

ನಾನು ಇವರನ್ನು ನೋಡಿದೆ. ಕಣ್ತುಂಬ ನೋಡಿದೆ.

“ಬೇಡ ಮಗಾ,” ಎಂದೆ. “ಇನ್ನೂ ಸ್ವಲ್ಪ ಹೊತ್ತು ಹಾಗೇ ಇರ್ಲಿ.”